ನನಗೇ ಗೊತ್ತಿಲ್ಲದೆ ಮಾಸ್ಕ್ ಕಿತ್ತು ಹಾಕಿರುತ್ತೇನೆ, ಏನು ಮಾಡಲಿ?

ಪ್ರಶ್ನೆ: ನನಗೆ 52 ವರ್ಷ, ಬಟ್ಟೆ ಅಂಗಡಿ ಇದೆ. ಗೊರಕೆ ಜೋರು, ಮಧ್ಯಾಹ್ನ ಗಲ್ಲಾ ಮುಂದೆ ಕೂತಲ್ಲೇ ತೂಕಡಿಕೆ. ನಿದ್ದೆಯ ಪರೀಕ್ಷೆ ಮಾಡಿಸಿದಾಗ ಸ್ಲೀಪ್ ಅಪ್ನಿಯಾ, ಗಂಟೆಗೆ 38 ಸಲ ಉಸಿರು ಕಟ್ಟುತ್ತದೆ ಅಂದರು. ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಊದುವ ಸಿಪ್ಯಾಪ್ ಮಷಿನ್ ತಂದು ಮೂರು ವಾರ ಆಯ್ತು. ರಾತ್ರಿ ಎರಡು ಗಂಟೆಗೆಲ್ಲ ಮಾಸ್ಕ್ ದಿಂಬಿನ ಪಕ್ಕ ಬಿದ್ದಿರುತ್ತದೆ. ಬಾಯಿ ಒಣಗುತ್ತದೆ, ಬೆಳಿಗ್ಗೆ ಹೊಟ್ಟೆ ಉಬ್ಬರ. ಈ ಬುಸ್ ಬುಸ್ ಸದ್ದಿಗಿಂತ ಗೊರಕೆಯೇ ವಾಸಿ ಅಂತಾಳೆ ಹೆಂಡತಿ. ಬಿಟ್ಟುಬಿಡಲಾ?
– ಓದುಗರು, ದಾವಣಗೆರೆ

ಉತ್ತರ: ಬಿಡಬೇಡಿ. 30 ದಾಟಿದರೆ ತೀವ್ರ ಅಂತಲೇ ಲೆಕ್ಕ, ನಿಮ್ಮದು 38.

ನಿಮ್ಮ ಮನೆಯವರು ಅರ್ಧ ಸಮಸ್ಯೆ ಪತ್ತೆ ಹಚ್ಚಿಬಿಟ್ಟಿದ್ದಾರೆ ನೋಡಿ. ಈಗಿನ ಮಷಿನ್‌ಗಳು ಅಷ್ಟು ಸದ್ದು ಮಾಡಲ್ಲ. ಬುಸ್ ಅನ್ನೋದು ಹೆಚ್ಚಾಗಿ ಮಾಸ್ಕ್ ಅಂಚಿನಿಂದಲೋ ಬಾಯಿಂದಲೋ ಸೋರುವ ಗಾಳಿ. ಬಾಯಿ ಒಣಗೋದಕ್ಕೂ ಅದೇ ಕಾರಣ ಇರಬಹುದು, ನಿದ್ದೆಯಲ್ಲಿ ಕೈ ತಾನಾಗಿ ಮಾಸ್ಕ್ ಕೀಳೋದಕ್ಕೂ ಅದೇ.

ಮಷಿನ್ ಮಾರಿದವರು ನಿಮ್ಮನ್ನು ಕುರ್ಚಿಯಲ್ಲಿ ಕೂರಿಸಿ ಮಾಸ್ಕ್ ಕಟ್ಟಿದ್ರು, ಅಲ್ವಾ? ಮಲಗಿದಾಗ ಕೆನ್ನೆ, ದವಡೆ ಎಲ್ಲಾ ಸ್ವಲ್ಪ ಜಾರುತ್ತವೆ. ಸೋರುತ್ತಿದೆ ಅಂತ ಪಟ್ಟಿ ಬಿಗಿ ಮಾಡ್ತೀರಿ, ಆಗ ಮಾಸ್ಕ್ ಅಂಚಿನ ಮೆತ್ತೆ ಮಡಚಿಕೊಂಡು ಇನ್ನೂ ಜಾಸ್ತಿ ಸೋರುತ್ತದೆ. ಇವತ್ತು ಹೀಗೆ ಮಾಡಿ: ಮಲಗಿ, ಮಷಿನ್ ಆನ್ ಮಾಡಿ, ಪಟ್ಟಿ ಸಡಿಲಿಸಿ, ಮಾಸ್ಕನ್ನು ಮುಖದಿಂದ ಒಂದು ಚೂರು ಮುಂದಕ್ಕೆ ಎಳೆದು ಬಿಡಿ. ಸಿಲಿಕೋನ್ ಮೆತ್ತೆಯೊಳಗೆ ಗಾಳಿ ತುಂಬಿ ತಾನೇ ಕೂರುತ್ತದೆ. ಆಮೇಲೆ ಸೋರಿಕೆ ನಿಲ್ಲುವಷ್ಟೇ ಬಿಗಿ ಮಾಡಿ. ಬೆಳಿಗ್ಗೆ ಮೂಗಿನ ಮೇಲೆ ಕೆಂಪು ಗೆರೆ ಬಿದ್ದು ಹಾಗೇ ಉಳಿದರೆ ಬಿಗಿ ಹೆಚ್ಚಾಯ್ತು ಅಂತ ಅರ್ಥ. ದಪ್ಪ ಮೀಸೆ ಇದ್ದರೆ ಅದೂ ಸೋರಿಕೆಗೆ ದಾರಿ. ಮೂಗಿನ ಮಾಸ್ಕ್ ಹಾಕಿ ಬಾಯಿ ತೆರೆದು ಮಲಗುವವರಾದರೆ ಬಾಯಿ-ಮೂಗು ಎರಡೂ ಮುಚ್ಚುವ ಮಾಸ್ಕ್ ಕೇಳಿ. ಮಷಿನ್‌ನಲ್ಲಿ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಇದ್ದರೆ ದಿನಾ ಹೊಸ ಡಿಸ್ಟಿಲ್ಡ್ ವಾಟರ್ ಹಾಕಿ.

ಸಂಜೆ ಟಿವಿ ನೋಡುತ್ತಾ ಅರ್ಧ ಗಂಟೆ ಮಾಸ್ಕ್ ಹಾಕಿಕೊಂಡು, ಮಷಿನ್ ಆನ್ ಇಟ್ಟು ಕೂತುಕೊಳ್ಳಿ. ಮೊಮ್ಮಕ್ಕಳು ನಗಲಿ ಬಿಡಿ. ಎಚ್ಚರವಿದ್ದಾಗ ಒಗ್ಗದ್ದು ನಿದ್ದೆಯಲ್ಲಿ ಹೇಗೆ ಒಗ್ಗೀತು? ರಾತ್ರಿ ಎಚ್ಚರವಾಗಿ ಮಾಸ್ಕ್ ಬಿದ್ದದ್ದು ಕಂಡರೆ ಸುಮ್ನೆ ಎತ್ತಿ ಮತ್ತೆ ಹಾಕಿಕೊಳ್ಳಿ. ಇನ್ನೇನು ಬೆಳಗಾಗುತ್ತೆ ಅಂತ ಬಿಡಬೇಡಿ, ಬೆಳಗಿನ ಜಾವದ ಕನಸಿನ ನಿದ್ದೆಯಲ್ಲೇ ಎಷ್ಟೋ ಜನಕ್ಕೆ ಉಸಿರು ಜಾಸ್ತಿ ಕಟ್ಟೋದು.

ಹೊಟ್ಟೆ ಉಬ್ಬರ ನುಂಗಿದ ಗಾಳಿಯಿಂದ. ಇದಕ್ಕೆ ಮಷಿನ್‌ನ ಗಾಳಿಯ ಒತ್ತಡ ಸರಿಮಾಡಬೇಕಾಗಬಹುದು, ಅದನ್ನು ನೀವೇ ಬದಲಿಸಬೇಡಿ. ಮಷಿನ್‌ನ ಕಾರ್ಡ್ ತೆಗೆದುಕೊಂಡು ಡಾಕ್ಟರ್ ಹತ್ತಿರ ಹೋಗಿ, ಎಷ್ಟು ಗಂಟೆ ಹಾಕಿದ್ರಿ, ಎಷ್ಟು ಸೋರಿತು ಎಲ್ಲಾ ಅದರಲ್ಲಿರುತ್ತದೆ. ಅಂದ ಹಾಗೆ, 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಈ ಉಪಾಯ ತೋರಿಸುವ ಮೊದಲು ತೀವ್ರ ಕಾಯಿಲೆಗೆ ಗಂಟಲಲ್ಲಿ ತೂತು ಮಾಡುತ್ತಿದ್ದರು.

ಕರೆಂಟ್ ಹೋದರೆ ಉಸಿರುಗಟ್ಟುತ್ತಾ ಅಂತ ಬಹಳ ಜನ ಕೇಳುತ್ತಾರೆ. ಇಲ್ಲ. ಮಾಸ್ಕ್‌ನಲ್ಲಿ ಗಾಳಿ ಹೋಗುವ ಸಣ್ಣ ತೂತುಗಳಿವೆ, ಪೂರ್ತಿ ಮುಚ್ಚುವ ಮಾಸ್ಕ್‌ಗೆ ಹೊರಗಿನ ಗಾಳಿ ಬಿಡುವ ವಾಲ್ವ್ ಇರುತ್ತದೆ. ತೂಕಡಿಕೆ ಪೂರ್ತಿ ಹೋಗುವವರೆಗೆ ಮಾತ್ರ ಗಾಡಿ ಬೇರೆಯವರು ಓಡಿಸಲಿ.