ಎರಡು ಕ್ಯಾನ್ಸರ್ ಆಗಿತ್ತು, ಈಗ ಶ್ವಾಸಕೋಶದ ಗಂಟು ಯಾವುದರದ್ದು?

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಅಂಕೋಲಾ ಕಡೆಯವರು. ವಯಸ್ಸು 60 ದಾಟಿದೆ. 10 ವರ್ಷದ ಹಿಂದೆ ಸ್ತನ ಕ್ಯಾನ್ಸರ್, 2 ವರ್ಷದ ಹಿಂದೆ ದೊಡ್ಡ ಕರುಳಿನದ್ದು. ಎರಡಕ್ಕೂ ಆಪರೇಶನ್ ಆಗಿ ಆರಾಮಿದ್ದರು. ಈಗ ಸಿ.ಟಿ. ಸ್ಕ್ಯಾನ್‌ನಲ್ಲಿ ಎರಡೂ ಶ್ವಾಸಕೋಶದಲ್ಲಿ ಸಣ್ಣ ಗಂಟುಗಳು. ಡಾಕ್ಟರು ಬಯಾಪ್ಸಿ, ಅಂದರೆ ಸೂಜಿ ಹಾಕಿ ಗಂಟಿನ ತುಂಡು ತೆಗೆದು ನೋಡುವ ಪರೀಕ್ಷೆ, ಬರೆದಿದ್ದರು.

ಒಳಗೆ ಬಂದವರು ಮಗ, ಮಗಳು ಮಾತ್ರ. ಅವರ ತಾಯಿ, ಅಂದರೆ ಆಯಿ, ಹೊರಗೆ ಬೆಂಚಿನ ಮೇಲೆ.

"ಅವಳಿಗೆ ಕಫ ಅಂತ ಹೇಳಿದ್ದೇವೆ" ಎಂದ ಮಗ. "ಕರುಳಿನದ್ದೇ ಹರಡಿದ್ದು, ಮೊನ್ನೆ ಮೊನ್ನೆಯದು ಅಲ್ವಾ? ಕಿಮೋ ಶುರು ಮಾಡಲಿ. ಸೂಜಿ ಹಾಕಿದರೆ ಜಾಸ್ತಿ ಆಗ್ತದಂತೆ."

ಹಾಗೆ ಊಹಿಸಬೇಡಿ ಎಂದೆ. ಗಂಟು ಎಲ್ಲಿದೆ, ಎಷ್ಟಿದೆ ಅಂತ ಸ್ಕ್ಯಾನ್ ತೋರಿಸುತ್ತದೆ. ಎಲ್ಲಿಂದ ಬಂತು ಅಂತ ಖಾತ್ರಿಯಾಗಿ ಹೇಳಲಾರದು. ಪೆಟ್ ಸ್ಕ್ಯಾನ್‌ನಲ್ಲಿ ಕ್ಯಾನ್ಸರಿನ ಹಾಗೆ ಕ್ಷಯದ ಗಂಟೂ ಹೊಳೆಯಬಹುದು. ಸ್ತನ ಕ್ಯಾನ್ಸರ್ 10 ವರ್ಷ ಸುಮ್ಮನಿದ್ದು ಮರಳುವುದುಂಟು. ಶ್ವಾಸಕೋಶದಲ್ಲೇ ಹೊಸದು ಹುಟ್ಟಿರಲೂಬಹುದು. ಕರುಳು, ಸ್ತನ, ಶ್ವಾಸಕೋಶ, ಮೂರು ಕ್ಯಾನ್ಸರಿಗೂ ಔಷಧಿ ಬೇರೆ ಬೇರೆ.

ಸೂಜಿಯಿಂದ ಹರಡುವುದು ತೀರಾ ಅಪರೂಪ. ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಳ್ಳುವ ಅಪಾಯ ಮಾತ್ರ ನಿಜ. ಅದಕ್ಕೇ ಆಮೇಲೆ ಕೆಲವು ತಾಸು ಮಲಗಿಸಿ, ಎಕ್ಸ್‌ರೇ ತೆಗೆದು ನೋಡುತ್ತಾರೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಬೇಕು.

"ಹಳೆಯ ಆಪರೇಶನ್‌ನ ಬ್ಲಾಕ್ ಇದೆಯಾ?" ಕೇಳಿದೆ. ಮಗಳು ರಿಪೋರ್ಟಿನ ಕವರ್ ತಡಕಿದಳು. ಬಿಲ್ಲು, ಬಸ್ ಟಿಕೆಟುಗಳ ನಡುವೆ ಬೆಂಕಿಪೊಟ್ಟಣಕ್ಕಿಂತ ಸಣ್ಣ ಪ್ಲಾಸ್ಟಿಕ್ ಚೌಕಟ್ಟು. ಅದರ ಮೇಲೆ ಬಿಳಿ ಮೇಣ, ಬದಿಗೆ ಪೆನ್ಸಿಲ್ಲಿನ ನಂಬರು.

"ಇದಾ? ಎಸೆಯುವವಳಿದ್ದೆ!"

ಆ ಮೇಣದೊಳಗೆ ಗಡ್ಡೆಯ ತುಂಡಿದೆ. ಬಿಸಿಲಿಗಿಡಬಾರದು. ಹೊಸ ತುಂಡನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ತುಂಡು ಪರೀಕ್ಷಿಸುವ ಡಾಕ್ಟರಿಗೆ (ಪೆಥಾಲಜಿಸ್ಟ್) ಕೆಲಸ ಸುಲಭ. ಬಣ್ಣ ಹಾಕುವ ಪರೀಕ್ಷೆಯಲ್ಲಿ ಕಾಣುವ ಪ್ರೋಟೀನುಗಳಲ್ಲಿ ಗಾಟಾ-3 ಸ್ತನದ ಕಡೆ, ಸಿಡಿಎಕ್ಸ್-2 ಕರುಳಿನ ಕಡೆ, ಟಿಟಿಎಫ್-1 ಶ್ವಾಸಕೋಶದ ಕಡೆ ಬೆರಳು ತೋರಿಸುತ್ತವೆ. ಒಂದನ್ನೇ ನಂಬುವ ಹಾಗಿಲ್ಲ, ಸೇರಿಸಿ ಓದಬೇಕು. ಪರೀಕ್ಷೆಯ ಚೀಟಿಯಲ್ಲಿ ಹಳೆಯ ಎರಡೂ ಕ್ಯಾನ್ಸರ್ ಬರೆಸಿ ಎಂದು ಎರಡೆರಡು ಸಲ ಹೇಳಿದೆ. ಒಂದು ಬಿಟ್ಟುಹೋದರೆ ಅತ್ತ ಯಾರೂ ಹುಡುಕದೇ ಇರಬಹುದು.

ಒಪ್ಪಿಗೆಗೆ ಸಹಿ ಹಾಕುವವರು ಆಯಿ. ಅವರನ್ನು ಒಳಗೆ ಕರೆಯಿರಿ ಎಂದೆ. ಮಗ ನೆಲ ನೋಡಿದ.

ಅವರು ಕುಳಿತವರೇ ಮಗನಿಗೆ ಅಂದರು: "ಕಫಕ್ಕೆ ಯಾರಾದ್ರೂ ಇಷ್ಟು ದೂರ ಕರ್ಕೊಂಡು ಬರ್ತಾರೇನೋ?"

ಬಯಾಪ್ಸಿಯಲ್ಲಿ ಬಂದದ್ದು ಸ್ತನದ್ದು, ಹಾರ್ಮೋನಿಗೆ ಸ್ಪಂದಿಸುವ ಬಗೆ. ಚಿಕಿತ್ಸೆ ಮಾತ್ರೆಯಿಂದಲೇ ಶುರುವಾಯಿತು. ಮುಂದಿನ ಭೇಟಿಯಲ್ಲಿ ಆಯಿ ಒಬ್ಬರೇ ಒಳಗೆ ಬಂದರು.