ಕೇಳಿ, ಹೇಳ್ತೀನಿ: ಸ್ಪೇನಿನ ಕಡಲ ದಂಡೆಯಿಂದ ಒಂದು ದಿನದ ಪ್ರವಾಸ

ಪ್ರಶ್ನೆ: ಮೇ ಮೊದಲ ವಾರ ನಾನು, ನಮ್ಮ ಯಜಮಾನರು, ಅತ್ತೆ ಮೂವರೂ ಸ್ಪೇನಿಗೆ ಹೋಗುತ್ತಿದ್ದೇವೆ. ಮೈದುನನ ಮನೆ ಟೊರೆಮೊಲಿನೋಸ್‌ನಲ್ಲಿ, ಸಮುದ್ರದ ಪಕ್ಕದಲ್ಲೇ. ಇರುವುದು ಆರು ದಿನ. ಅಲ್ಲಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರುವ ಹಾಗೆ ಕಾರ್ಡೋಬಾ, ಗ್ರಾನಡಾ, ಸೆವಿಯಾ ಮೂರನ್ನೂ ನೋಡುವ ಆಸೆ. ಅತ್ತೆಗೆ 71 ವರ್ಷ, ಮಂಡಿ ನೋವಿದೆ. ಟೂರ್ ಬಸ್ಸೇ ಸುಲಭ ಅಂತಾರೆ ಎಲ್ಲರೂ. ನೀವೇನು ಹೇಳ್ತೀರಿ ಮೇಡಂ?
– ಓದುಗರು, ದಾವಣಗೆರೆ

ಉತ್ತರ: ಮೂರು ಬೇಡಮ್ಮ. ಕಾರ್ಡೋಬಾಗೆ ಒಂದು ದಿನ ಪೂರ್ತಿ ಕೊಡಿ. ಮಧ್ಯೆ ಎರಡು ದಿನ ಸಮುದ್ರದ ಹತ್ತಿರ ಆರಾಮಾಗಿರಿ. ಆಮೇಲೆ ಅತ್ತೆಯವರ ಮಂಡಿ ಒಪ್ಪಿದರೆ ಗ್ರಾನಡಾ. ಸೆವಿಯಾ ಈ ಸಲ ಬಿಟ್ಟುಬಿಡಿ. ನಿಮ್ಮ ಹತ್ತಿರದ ದೊಡ್ಡ ಊರು ಮಾಲಗಾ. ಅಲ್ಲಿಂದ ರೈಲಿನಲ್ಲಿ ಹೋಗೋಕೇ ಸುಮಾರು ಎರಡು ಗಂಟೆ, ಬರೋಕೆ ಇನ್ನೆರಡು. ಅದು ರಾತ್ರಿ ತಂಗಿ ನೋಡಬೇಕಾದ ಊರು.

ಟೂರ್ ಬಸ್ಸು ಮನೆ ಹತ್ತಿರವೇ ಹತ್ತಿಸಿಕೊಳ್ಳುತ್ತದೆ, ನಿಜ. ಆದರೆ ಹೋಟೆಲ್ ಹೋಟೆಲ್ ಸುತ್ತಿ ಜನ ತುಂಬಿಕೊಂಡು ಹೆದ್ದಾರಿಗೆ ಬರುವಷ್ಟರಲ್ಲಿ ಬೆಳಗಿನ ಒಳ್ಳೆ ಹೊತ್ತು ಕಳೆದಿರುತ್ತದೆ. ಊರಿಗೆ ಹೋದ ಮೇಲೂ ಗೈಡ್ ಹಿಡಿದ ಕೊಡೆಯ ಹಿಂದೆ ಓಡುತ್ತಲೇ ಇರಬೇಕು. ಮಂಡಿ ನೋವಿನವರಿಗೆ ಆ ಓಟ ಬೇಡವೇ ಬೇಡ.

ರೈಲು ಹಿಡಿಯಿರಿ. ಟೊರೆಮೊಲಿನೋಸ್‌ನಿಂದ ಸಿ-1 ಅನ್ನೋ ಲೋಕಲ್ ರೈಲು ಅರ್ಧ ಗಂಟೆಯೊಳಗೆ ಮಾಲಗಾದ ಮರಿಯಾ ಸಾಂಬ್ರಾನೊ ಸ್ಟೇಷನ್ನಿಗೆ ಬಿಡುತ್ತದೆ. ಅಲ್ಲಿಂದ ಕಾರ್ಡೋಬಾಗೆ ಹೈಸ್ಪೀಡ್ ರೈಲಿನಲ್ಲಿ ಒಂದು ಗಂಟೆ. 2007ರ ಕೊನೆಯಲ್ಲಿ ಈ ಮಾರ್ಗ ಶುರುವಾದ ಮೇಲೆ ಇದು ನಿಜಕ್ಕೂ ಒಂದು ದಿನದ ಪ್ರವಾಸವಾಯಿತು. ದೊಡ್ಡ ರೈಲು ಹತ್ತುವ ಮೊದಲು ಬ್ಯಾಗು ಸ್ಕ್ಯಾನ್ ಮಾಡುತ್ತಾರೆ, ಸ್ವಲ್ಪ ಮುಂಚೆ ಹೋಗಿ. 60 ದಾಟಿದವರಿಗೆ 'ತಾರ್ಹೆತಾ ದೊರಾದಾ' ಅನ್ನೋ ರಿಯಾಯಿತಿ ಕಾರ್ಡ್ ಇದೆ, ಅತ್ತೆಯವರ ಪಾಸ್‌ಪೋರ್ಟ್ ತೋರಿಸಿ ಕೌಂಟರಿನಲ್ಲಿ ಕೇಳಿ.

ಕಾರ್ಡೋಬಾ ಸ್ಟೇಷನ್ನಿನಿಂದ ಹಳೇ ಊರಿಗೆ ಟ್ಯಾಕ್ಸಿ ಮಾಡಿ. ಅಲ್ಲಿನ ಗಲ್ಲಿಗಳಿಗೆ ಸಣ್ಣ ಉರುಟು ಕಲ್ಲು ಹಾಸಿದ್ದಾರೆ. ನೋಡೋಕೆ ಚೆಂದ, ಕಾಲಿಗೆ ಕಷ್ಟ. ಮೆಸ್ಕೀಟಾ, ಅಂದರೆ ಈಗ ಕೆಥೆಡ್ರಲ್ ಆಗಿರುವ ಹಳೇ ಮಸೀದಿ, ಅದರ ಒಳಗೆ ಮಾತ್ರ ನೆಲ ಸಮತಟ್ಟು, ನೆರಳು, ತಂಪು. ಅತ್ತೆಯವರು ಅಲ್ಲಿ ಎಷ್ಟು ಹೊತ್ತು ಬೇಕಾದರೂ ಇರಬಹುದು. ಭಾನುವಾರ ಬೆಳಿಗ್ಗೆ ಪ್ರಾರ್ಥನೆಗೆಂದು ಪ್ರವಾಸಿಗರನ್ನು ಬಿಡದ ಹೊತ್ತಿರುತ್ತದೆ, ವಾರದ ದಿನ ಹೋಗಿ.

ಇತಿಹಾಸ ಪಾಠ ಮಾಡಿದವಳು ನಾನು. ಮಾಲಗಾದಲ್ಲಿದ್ದ ವರ್ಷಗಳಲ್ಲಿ ಊರಿಂದ ಯಾರೇ ಬಂದರೂ ಮೊದಲು ಕರೆದುಕೊಂಡು ಹೋಗುತ್ತಿದ್ದದ್ದು ಈ ಕಟ್ಟಡಕ್ಕೇ. ಒಳಗೆ ಕಾಲಿಟ್ಟರೆ ಕಂಬ, ಕಂಬ, ಕಂಬ. ಈಗ ಉಳಿದಿರುವುದೇ 850ಕ್ಕೂ ಜಾಸ್ತಿ. ಒಂದು ಕಂಬದ ಮುಂದೆ ನಿಂತು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೋಡಿ. ಇಲ್ಲಿನ ಮುಸ್ಲಿಂ ದೊರೆ ಮೊದಲನೇ ಅಬ್ದುಲ್ ರಹಮಾನ್ 785ರ ಸುಮಾರಿಗೆ ಮಸೀದಿ ಕಟ್ಟಿಸಲು ಶುರು ಮಾಡಿದಾಗ ರೋಮನ್ನರ, ಅವರ ನಂತರ ಸ್ಪೇನ್ ಆಳಿದ ವಿಸಿಗೋಥರ ಹಳೇ ಕಟ್ಟಡಗಳ ಕಂಬಗಳನ್ನೇ ತಂದು ನಿಲ್ಲಿಸಿದರು. ಅವು ಗಿಡ್ಡ. ಅಷ್ಟು ದೊಡ್ಡ ಅಂಗಳಕ್ಕೆ ಅಷ್ಟು ತಗ್ಗಿನ ಛಾವಣಿ ಹಾಕಿದರೆ ಉಸಿರು ಕಟ್ಟುತ್ತದೆ, ಅಲ್ವಾ? ಅದಕ್ಕೇ ಕಂಬದ ತಲೆಯ ಮೇಲೆ ಇನ್ನೊಂದು ಕಲ್ಲಿನ ಕಂಬ ಎಬ್ಬಿಸಿ, ಕಮಾನಿನ ಮೇಲೆ ಕಮಾನು ಕಟ್ಟಿದರು. ಕೆಂಪು ಇಟ್ಟಿಗೆ, ಬಿಳಿ ಕಲ್ಲು, ಒಂದಾದ ಮೇಲೊಂದು. ಬೇರೆ ಬೇರೆ ಕಡೆಯಿಂದ ಬಂದದ್ದರಿಂದ ಬಣ್ಣ, ತಲೆಯ ಕೆತ್ತನೆ ಎಲ್ಲ ಬೇರೆ ಬೇರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಕಂಬದಿಂದ ಕಂಬಕ್ಕೆ ಕೆತ್ತನೆ ಹುಡುಕುತ್ತಾ ಓಡಾಡುತ್ತೇವಲ್ಲ, ಹಾಗೆಯೇ ಇಲ್ಲೂ ಓಡಾಡಿ.

ಆಮೇಲೆ ಮಿಹ್ರಾಬಿನ, ಅಂದರೆ ಪ್ರಾರ್ಥನೆಯ ದಿಕ್ಕು ತೋರಿಸುವ ಗೋಡೆಯ ಗೂಡಿನ, ಹತ್ತಿರ ಹೋಗಿ. ಅದೇ ವಂಶದ ದೊರೆ ಎರಡನೇ ಅಲ್ ಹಕಮ್ 960ರ ದಶಕದಲ್ಲಿ ಮಾಡಿಸಿದ ಚಿನ್ನ, ನೀಲಿ, ಹಸಿರು ಗಾಜಿನ ಹರಳಿನ ಕೆಲಸ ಅಲ್ಲಿದೆ. ಆ ಹರಳುಗಳನ್ನೂ ಕೆಲಸಗಾರನನ್ನೂ ಕಳಿಸಿದ್ದು ಬೈಜಾಂಟಿಯಂನ (ಈಗಿನ ಇಸ್ತಾಂಬುಲ್) ಕ್ರೈಸ್ತ ಚಕ್ರವರ್ತಿ ಅಂತ ಹಳೇ ಅರಬ್ಬಿ ಬರಹಗಳು ಹೇಳುತ್ತವೆ. 1236ರಲ್ಲಿ ಊರು ಕ್ರೈಸ್ತ ರಾಜನ ಕೈಗೆ ಬಂದ ಮೇಲೆ ಮಸೀದಿ ಚರ್ಚಾಯಿತು. 16ನೇ ಶತಮಾನದಲ್ಲಿ ನಟ್ಟನಡುವೆ ಕಂಬಗಳನ್ನು ತೆಗೆದು ದೊಡ್ಡ ಕೆಥೆಡ್ರಲ್ ಎಬ್ಬಿಸಿದರು. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗಿದೆ. ಆದರೂ ಉಳಿದ ಕಂಬಗಳನ್ನು ಕೆಡವದೆ ಬಿಟ್ಟರಲ್ಲ, ಅದು ದೊಡ್ಡದು.

ಒಂದು ಎಚ್ಚರಿಕೆ. ಮೇ ಮೊದಲ ಎರಡು ವಾರ ಕಾರ್ಡೋಬಾದಲ್ಲಿ ಪಾತಿಯೋ ಹಬ್ಬ ನಡೆಯುತ್ತದೆ. ಜನ ತಮ್ಮ ಮನೆಯೊಳಗಿನ ಅಂಗಳಗಳನ್ನು ಹೂಕುಂಡಗಳಿಂದ ತುಂಬಿಸಿ ಎಲ್ಲರಿಗೂ ಬಾಗಿಲು ತೆರೆಯುತ್ತಾರೆ. ನಿಮ್ಮ ಅದೃಷ್ಟ, ಖಂಡಿತ ನೋಡಿ. ಆದರೆ ರೈಲು ತುಂಬಿರುತ್ತದೆ. ಹೋಗಿ ಬರುವ ಟಿಕೆಟ್ ಎರಡನ್ನೂ ಈಗಲೇ ಮಾಡಿಸಿಕೊಳ್ಳಿ.

ಪ್ರಶ್ನೆ: ಜೂನ್‌ನಲ್ಲಿ ಮಾಲಗಾಗೆ ಹೋಗುತ್ತೇವೆ. ಅಲ್‌ಹಂಬ್ರಾ ಅರಮನೆ ಟಿಕೆಟ್ ಅಲ್ಲೇ ಹೋಗಿ ತಗೊಂಡರೆ ಸಾಕಾ?
– ಓದುಗರು, ಮೈಸೂರು

ಉತ್ತರ: ಸಾಲದು. ವಿಮಾನದ ಟಿಕೆಟ್ ಆದ ತಕ್ಷಣ ಮಾಡಿಸಬೇಕಾದದ್ದು ಗ್ರಾನಡಾದ ಈ ಅಲ್‌ಹಂಬ್ರಾ ಟಿಕೆಟ್ಟೇ. ವಾರಗಳ ಮುಂಚೆಯೇ ಖಾಲಿಯಾಗುತ್ತದೆ. ಟಿಕೆಟ್ಟು ಹೆಸರಿನ ಮೇಲೆ ಇರುತ್ತದೆ, ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ. ಅಲ್‌ಹಂಬ್ರಾ ಒಳಗಿನ ಮುಖ್ಯ ಭಾಗವಾದ ನಾಸ್ರಿದ್ ಅರಮನೆಗಳಿಗೆ ಗೊತ್ತಾದ ಸಮಯಕ್ಕೇ ಬಿಡುವುದು. ಆ ಹೊತ್ತು ತಪ್ಪಿದರೆ ಒಳಗೆ ಬಿಡುವುದಿಲ್ಲ. ಮುಖ್ಯ ಬಾಗಿಲಿನಿಂದ ಅಲ್ಲಿಗೆ ಒಳ್ಳೆ ದೂರ ನಡೆಯಬೇಕು. ಮಾಲಗಾದಿಂದ ಬಸ್ಸಿಗೆ ಎರಡು ಗಂಟೆ ಹತ್ತಿರ ಹಿಡಿಯುವುದರಿಂದ ಮಧ್ಯಾಹ್ನದ ಮೇಲಿನ ಸಮಯ ಆರಿಸಿಕೊಳ್ಳಿ.

ಆ ಅರಮನೆಗಳ ಸಿಂಹಗಳ ಅಂಗಳದಲ್ಲಿ ಅವಸರ ಮಾಡಬೇಡಿ. 12 ಸಿಂಹಗಳು ಹೊತ್ತ ಅಮೃತಶಿಲೆಯ ಬೋಗುಣಿ, ಅದರ ಅಂಚಿನ ಸುತ್ತ ಇಬ್ನ್ ಜಮ್ರಕ್ ಎಂಬ ಕವಿಯ ಪದ್ಯ. ಹರಿಯುತ್ತಿರುವುದು ನೀರೋ ಕಲ್ಲೋ ತಿಳಿಯುತ್ತಿಲ್ಲ ಅನ್ನುತ್ತಾನೆ ಕವಿ. 14ನೇ ಶತಮಾನದ ಸಾಲನ್ನು ಅದು ಹೇಳುವ ನೀರಿನ ಪಕ್ಕದಲ್ಲೇ ನಿಂತು ನೋಡುವ ಭಾಗ್ಯ ಎಲ್ಲಿ ಸಿಗುತ್ತೆ ಹೇಳಿ?

ಟಿಕೆಟ್ ಸಿಗದಿದ್ದರೂ ಗ್ರಾನಡಾ ಬಿಡಬೇಡಿ. ಅಲ್‌ಹಂಬ್ರಾ ಆವರಣದಲ್ಲೇ ಇರುವ ಐದನೇ ಚಾರ್ಲ್ಸ್‌ನ ಅರಮನೆಯ ದುಂಡು ಅಂಗಳಕ್ಕೆ ಟಿಕೆಟ್ ಬೇಡ. ಸಂಜೆ ಅಲ್ಬೈಸಿನ್ ಗುಡ್ಡದ ಸಾನ್ ನಿಕೊಲಾಸ್ ಕಟ್ಟೆಗೆ ಸಣ್ಣ ಬಸ್ಸಿನಲ್ಲಿ ಹೋಗಿ. ಎದುರಿಗೇ ಇಡೀ ಅಲ್‌ಹಂಬ್ರಾ, ಅದರ ಹಿಂದೆ ಸಿಯೆರಾ ನೆವಾಡಾ ಬೆಟ್ಟಸಾಲು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ದಿನವಿಡೀ ಹೊರಗಿದ್ದರೆ ಊಟಕ್ಕೇನು?
– ಓದುಗರು, ಶಿರಸಿ

ಉತ್ತರ: ಸಿಗುತ್ತದೆ, ಆದರೆ ಬಾಯಿಬಿಟ್ಟು ಕೇಳಬೇಕು. ಕಾರ್ಡೋಬಾದಲ್ಲಿ ಟೊಮೆಟೊ, ಬ್ರೆಡ್ಡು, ಬೆಳ್ಳುಳ್ಳಿ, ಆಲಿವ್ ಎಣ್ಣೆ ರುಬ್ಬಿ ಮಾಡುವ ಸಾಲ್ಮೊರೆಹೊ ಬಹಳ ರುಚಿ. ಮೇಲೆ ಹಂದಿಮಾಂಸದ ಚೂರು, ಮೊಟ್ಟೆ ಉದುರಿಸುತ್ತಾರೆ. 'ಸಿನ್ ಹಮೋನ್, ಸಿನ್ ಉವೆವೊ' ಅಂದರೆ ಅವೆರಡೂ ಇಲ್ಲದೆ ಕೊಡುತ್ತಾರೆ. ಜೇನು ಸುರಿದ ಬದನೆಕಾಯಿ ಕರಿದದ್ದು ಇರುತ್ತದೆ, ಮೀನು ಕರಿದ ಎಣ್ಣೆಯಾ ಅಂತ ಕೇಳಿಕೊಳ್ಳಿ. ಮಿಕ್ಸೆಡ್ ಸಲಾಡ್ ಅಂದರೆ ಹೆಚ್ಚಾಗಿ ಟ್ಯೂನಾ ಮೀನು ಹಾಕಿರುತ್ತಾರೆ. ಸೆವಿಯಾ ಕಡೆ ಹೋದರೆ ಪಾಲಕ್-ಕಡಲೆಯ ಪಲ್ಯ ಹುಡುಕಿ, ಜೀರಿಗೆ ವಾಸನೆಗೆ ಮನೆ ನೆನಪಾಗುತ್ತದೆ. ಊಟದ ಹೊತ್ತು ಮಧ್ಯಾಹ್ನ ಎರಡರಿಂದ ನಾಲ್ಕು. ಆಮೇಲೆ ಬಹಳ ಕಡೆ ಅಡುಗೆಮನೆ ಮುಚ್ಚಿದರೆ ರಾತ್ರಿ ಎಂಟಕ್ಕೇ ತೆರೆಯುವುದು. ಚಪಾತಿ, ಚಟ್ನಿಪುಡಿ ಬ್ಯಾಗಿನಲ್ಲಿರಲಿ.

ಪ್ರಶ್ನೆ: ಜುಲೈ ಕೊನೆಯಲ್ಲಿ ಒಂದೇ ಒಂದು ದಿನ ಬಿಡುವಿದೆ. ಸೆವಿಯಾನಾ, ರೋಂಡಾನಾ?
– ಓದುಗರು, ಬೆಂಗಳೂರು

ಉತ್ತರ: ರೋಂಡಾ. ಜುಲೈನಲ್ಲಿ ಸೆವಿಯಾದ ಬಿಸಿಲು 40 ಡಿಗ್ರಿ ಮುಟ್ಟುವುದು ಮಾಮೂಲು, ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ. ರೋಂಡಾ ಗುಡ್ಡದ ಮೇಲಿನ ಊರು. ಬಿಸಿಲು ಅಲ್ಲೂ ಇದೆ, ಆದರೆ ಊರು ಸಣ್ಣದು, ಬೆಳಿಗ್ಗೆಯೇ ನೋಡಿ ಮುಗಿಸಬಹುದು. 1793ರಲ್ಲಿ ಮುಗಿದ 98 ಮೀಟರ್ ಎತ್ತರದ ಸೇತುವೆಯನ್ನು ಮೇಲಿನಿಂದ ಬಗ್ಗಿ ನೋಡಿದರೆ ಸಾಲದು. ಹಳೇ ಊರಿನ ಕಡೆಯಿಂದ ಕಾಲುದಾರಿ ಇಳಿದು ಎದುರಿಗೆ ನಿಂತು ನೋಡಿ. ಬಸ್ಸು ಕಡಿಮೆ, ವಾಪಸ್ ಬಸ್ಸಿನ ಸಮಯವನ್ನು ಇಳಿದ ತಕ್ಷಣ ಬರೆದುಕೊಳ್ಳಿ.