ಒಂದೇ ಡಿಎನ್‌ಎ ಇದ್ದರೂ ಹೃದಯ ಬೆನ್ನಿನ ಬದಿಯಲ್ಲಿಯೇ ಏಕೆ?

ಹಣ್ಣುನೊಣದ ಭ್ರೂಣದಲ್ಲಿ ಎಲ್ಲ ಜೀವಕೋಶಗಳಿಗೂ ಒಂದೇ ಡಿಎನ್‌ಎ ಇರುವಾಗ ಬೆನ್ನಿನ ಬದಿಯ ಕೆಲವು ಮಾತ್ರ ಹೃದಯವಾಗುವುದು ಹೇಗೆ ಎಂದು ಕೇಳಿದ್ದೀರಿ. ಬಹಳ ಒಳ್ಳೆಯ ಪ್ರಶ್ನೆ. ಉತ್ತರ ಟಿನ್‌ಮ್ಯಾನ್ ಎಂಬ ಜೀನ್‌ನಲ್ಲಿದೆ. ಅದು ಕೆಟ್ಟರೆ ಭ್ರೂಣದಲ್ಲಿ ಹೃದಯವೇ ಮೂಡುವುದಿಲ್ಲ; ‘ವಿಜರ್ಡ್ ಆಫ್ ಆಜ್’ ಕಥೆಯ ಹೃದಯವಿಲ್ಲದ ತಗಡಿನ ಮನುಷ್ಯನ (ಟಿನ್ ಮ್ಯಾನ್) ಹೆಸರು ಅದಕ್ಕೆ ಬಂದದ್ದು ಹಾಗೆ.

ಮೊದಲು ಟ್ವಿಸ್ಟ್ ಎಂಬ ಪ್ರೋಟೀನ್ ಭ್ರೂಣದ ಇಡೀ ಮಧ್ಯಪದರದಲ್ಲಿ (ಸ್ನಾಯು, ಹೃದಯಗಳು ಮೂಡುವ ಕೋಶಗಳ ಪದರ) ಟಿನ್‌ಮ್ಯಾನನ್ನು ಚಾಲೂ ಮಾಡುತ್ತದೆ. ಅಂದರೆ ಆರಂಭದಲ್ಲಿ ಆಯ್ಕೆಯೇ ಇಲ್ಲ. ಆಮೇಲೆ ಮಧ್ಯಪದರದ ಕೋಶಗಳು ಹೊರಪದರದ ಒಳಮೈಗೆ ಅಂಟಿಕೊಂಡು ಬೆನ್ನಿನತ್ತ ಹರಡುತ್ತವೆ. ಅಲ್ಲಿನ ಹೊರಪದರ ಡಿಪಿಪಿ ಎಂಬ ಸಂಕೇತವನ್ನು ಸ್ರವಿಸುತ್ತಿರುತ್ತದೆ. ಅದು ತಲುಪಿದ ಕೋಶಗಳಲ್ಲಿ ಮಾತ್ರ ಟಿನ್‌ಮ್ಯಾನ್ ಉಳಿಯುತ್ತದೆ, ಉಳಿದೆಡೆ ಆರುತ್ತದೆ. ನನಗೆ ಅತ್ಯಂತ ಸುಂದರವೆನಿಸುವುದು ಮುಂದಿನದು: ಟಿನ್‌ಮ್ಯಾನ್‌ನ ಪಕ್ಕದಲ್ಲಿರುವ ಒಂದು ಪುಟ್ಟ ಡಿಎನ್‌ಎ ತುಣುಕಿಗೆ ಡಿಪಿಪಿಯ ಸಂದೇಶವಾಹಕಗಳೂ ಟಿನ್‌ಮ್ಯಾನ್ ಪ್ರೋಟೀನೂ ಒಟ್ಟಿಗೆ ಅಂಟಬೇಕು. ಒಂದೇ ಬಂದರೆ ಸಾಲದು. ಹೊರಗಿನ ಸುದ್ದಿಯನ್ನೂ ಕೋಶದ ಹಿಂದಿನ ನೆನಪನ್ನೂ ಆ ತುಣುಕು ಒಟ್ಟಿಗೆ ಓದುತ್ತದೆ.

ಇಷ್ಟಾದರೂ ಎಲ್ಲವೂ ಹೃದಯವಾಗುವುದಿಲ್ಲ. ವಿಂಗ್‌ಲೆಸ್ ಎಂಬ ಇನ್ನೊಂದು ಸಂಕೇತ ಅಡ್ಡಪಟ್ಟಿಗಳಾಗಿ ಬರುತ್ತದೆ. ಡಿಪಿಪಿ, ವಿಂಗ್‌ಲೆಸ್ ಎರಡೂ ಕೂಡಿದಲ್ಲಿ ಹೃದಯದ ಕೋಶಗಳು, ಪಟ್ಟಿಗಳ ನಡುವಿನ ಜಾಗದಲ್ಲಿ ಕರುಳಿನ ಸ್ನಾಯು.

ಸಾಧ್ಯವಾದರೆ ಸೂಕ್ಷ್ಮದರ್ಶಕದಲ್ಲಿ ಹಣ್ಣುನೊಣದ ಮರಿಹುಳುವಿನ ಬೆನ್ನನ್ನು ನೋಡಿ. ಪಾರದರ್ಶಕ ಚರ್ಮದಡಿ ಕೊಳವೆಯಂಥ ಆ ಹೃದಯ ಮಿಡಿಯುವುದು ಕಾಣುತ್ತದೆ. ಟಿನ್‌ಮ್ಯಾನ್‌ನ ವಂಶಕ್ಕೇ ಸೇರಿದ ಎನ್‌ಕೆಎಕ್ಸ್2-5 ಜೀನ್ ಕೆಟ್ಟಾಗ ಮನುಷ್ಯರಲ್ಲಿ ಹುಟ್ಟಿನಿಂದಲೇ ಹೃದಯದ ದೋಷಗಳು ಬರಬಹುದು ಎಂದು 1998ರಲ್ಲಿ ತಿಳಿಯಿತು.